ಪಾತ್ರೆಯ ತಳದ ಹೆಸರು

ಮಿನೆಸೋಟಾ
25 ಅಕ್ಟೋಬರ್ 1983

ನನ್ನ ಮುದ್ದಿನ ಸೋಲಾಂಜ್,

ನಿನ್ನ ಕಾಗದ ತಲುಪಿತು. ಪ್ರೀತಿ ಒಂದು ಸಾಲು, ಬೈಗುಳ ಎರಡು ಪುಟ. ತಮ್ಮನನ್ನು ಕರೆದುಕೊಂಡು ಬಾ ಎಂದು ಕಳಿಸಿದರೆ ನೀನೇ ಅಮೆರಿಕದಲ್ಲಿ ಠಿಕಾಣಿ ಹೂಡಿದೆಯಾ ಎಂದು ಕೇಳಿದ್ದೀಯ. ಕೇಳಬೇಕಾದ್ದೇ. ಹದಿನೈದು ದಿನಕ್ಕೆಂದು ಬಂದವಳು ಎರಡು ತಿಂಗಳಾಗುತ್ತ ಬಂದರೂ ಇಲ್ಲೇ ಇದ್ದೇನೆ, ಅಲ್ಲಿ ನಮ್ಮ ಊಟದ ಹೋಟೆಲಿನ ಒಲೆಯನ್ನೆಲ್ಲ ನಿನ್ನೊಬ್ಬಳ ತಲೆಗೆ ಕಟ್ಟಿದ್ದೇನೆ. ಇವತ್ತು ಎಲ್ಲವನ್ನೂ ಬರೆಯುತ್ತೇನೆ. ಆಮೇಲೆ ಬೈಯುವುದಾದರೆ ಬೈಯಿ.

ಆರ್ಮಾನ್‌ನನ್ನು ವಿಮಾನ ನಿಲ್ದಾಣದಲ್ಲಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತ್ತು. ಇದನ್ನು ನಿನಗೆ ಬರೆದಿರಲಿಲ್ಲ. ಅವನ ಹೆಂಡತಿ ಜಾಯ್ಸ್ ತೀರಿಕೊಂಡು ಆಗ ಮೂರು ವಾರ. ನಮ್ಮ ತಮ್ಮ, ನಮ್ಮೂರ ಜ್ಯೂರಾ ಬೆಟ್ಟದಲ್ಲಿ ಒಂದು ಇಡೀ ಬ್ರೆಡ್ಡನ್ನು ಚೀಸಿನ ಜೊತೆ ನಿಂತಲ್ಲೇ ಮುಗಿಸುತ್ತಿದ್ದ ಹುಡುಗ, ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡು ನಿಂತಿದ್ದ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಅತ್ತಿತ್ತ ಓಡಾಡುತ್ತಿತ್ತು. ಮೊದಲು ಇವನ ಹೊಟ್ಟೆ ತುಂಬಿಸುತ್ತೇನೆ, ಆಮೇಲೆ ಕರೆದುಕೊಂಡು ಹೊರಡುತ್ತೇನೆ ಅಂದುಕೊಂಡೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಒಬ್ಬ ತಮ್ಮನನ್ನು ಉಣ್ಣಿಸುವುದು ಯಾವ ಲೆಕ್ಕ ಎಂಬ ಜಂಬ ನನಗೆ.

ಮನೆಯ ನೆಲಮಾಳಿಗೆಯಲ್ಲಿ ಶವಪೆಟ್ಟಿಗೆಯಷ್ಟು ದೊಡ್ಡ ಫ್ರೀಜರ್ ಒಂದಿದೆ. ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ಗಾಜಿನ ಪಾತ್ರೆಗಳು, ಒಂದರ ಮೇಲೊಂದು, ಬೆಳ್ಳಿ ಕಾಗದದ ಮುಸುಕು ಹಾಕಿಕೊಂಡು ಕಲ್ಲಾಗಿ ಕೂತಿವೆ. ಅಂತ್ಯಕ್ರಿಯೆಯ ವಾರ ಅಕ್ಕಪಕ್ಕದವರು ತಂದಿಟ್ಟಿದ್ದಂತೆ. ಒಂದನ್ನು ಕರಗಿಸಿ ನೋಡಿದೆ. ಕೆಳಗೆ ಕೊಚ್ಚಿದ ಮಾಂಸ, ನಡುವೆ ಡಬ್ಬಿಯಿಂದ ಸುರಿದ ಅಣಬೆ ಸೂಪು, ಮೇಲೆ ಅಂಗಡಿಯಿಂದ ತಂದ ಪುಟಾಣಿ ಆಲೂಗಡ್ಡೆ ಉಂಡೆಗಳ ಸಾಲು. ಇದಕ್ಕೆ ಹಾಟ್‌ಡಿಶ್ ಎಂದು ಹೆಸರು. ಬಿಸಿ ಪಾತ್ರೆ! ಅದಕ್ಕಿಂತ ಹೆಚ್ಚಿಗೆ ಹೇಳಲು ಅವರಿಗೂ ಏನೂ ಹೊಳೆಯಲಿಲ್ಲವೇನೋ. ನಾನು ಮೂಗು ಮುರಿದು ಅಷ್ಟನ್ನೂ ಕಸಕ್ಕೆ ಹಾಕಿದೆ. ಪಾತ್ರೆಗಳನ್ನು ಫಳಫಳ ತೊಳೆದೆ. ಪ್ರತಿಯೊಂದರ ತಳದಲ್ಲೂ ಬಿಳಿ ಪಟ್ಟಿ ಅಂಟಿಸಿ ಮನೆಯವರ ಹೆಸರು ಬರೆದಿತ್ತು, ಹಾಗಾಗಿ ಯಾರದು ಎಂದು ಕೇಳುವ ತಾಪತ್ರಯವಿರಲಿಲ್ಲ. ಮನೆಮನೆಗೂ ಹೋಗಿ ಕೊಟ್ಟು ಬಂದೆ. ಇಸಿದುಕೊಂಡವರು ಪಾತ್ರೆಯೊಳಗೆ ಒಮ್ಮೆ ಇಣುಕಿ, "ಅಯ್ಯೋ, ಇಷ್ಟು ಬೇಗ ಯಾಕೆ ತಂದ್ರಿ" ಅಂದರು. ನನ್ನ ಚುರುಕುತನಕ್ಕೆ ಬೆರಗಾದರು ಎಂದುಕೊಂಡೆ.

ಇನ್ನೊಂದು ಕಾಟವಿತ್ತು. ಸಂಜೆ ಐದೂವರೆಯಾಯಿತೆಂದರೆ ಯಾರಾದರೊಬ್ಬರು ಬಾಗಿಲು ತಟ್ಟುತ್ತಿದ್ದರು. ಇಲ್ಲಿ ಆ ಹೊತ್ತಿಗೆ ರಾತ್ರಿಯೂಟ ಸೋಲಾಂಜ್, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ! ಪಕ್ಕದ ಮನೆಯ ಡೊರೀನ್ ಅಂತೂ ದಿನ ಬಿಟ್ಟು ದಿನ ಬರುತ್ತಿದ್ದಳು. ಊಟದ ಹೊತ್ತಿಗೆ ಇನ್ನೊಬ್ಬರ ಬಾಗಿಲು ತಟ್ಟುವವರನ್ನು ನಮ್ಮ ಅಜ್ಜಿ ಏನೆಂದು ಕರೆಯುತ್ತಿದ್ದಳು ಎಂಬುದು ನಿನಗೆ ನೆನಪಿರಬೇಕು. ನಾನು ಬಾಗಿಲನ್ನು ಒಂದು ಗೇಣು ತೆರೆದು, "ನಾವಿನ್ನೂ ಊಟ ಮಾಡಿಲ್ಲ, ಎಂಟು ಗಂಟೆಗೆ ಮಾಡ್ತೀವಿ" ಎಂದು ನಯವಾಗಿ ಹೇಳಿ ಮುಚ್ಚುತ್ತಿದ್ದೆ. ಕ್ರಮೇಣ ಬರುವುದನ್ನು ನಿಲ್ಲಿಸಿದರು. ಮನೆಗೆ ಒಂದು ಶಿಸ್ತು ಬಂತು ಎಂದು ಹಿಗ್ಗಿದೆ.

ಎಂಟು ಗಂಟೆಗೆ ನಾನು ಬಡಿಸುತ್ತಿದ್ದ ಊಟ ಮಾತ್ರ ನೀನು ನೋಡಬೇಕಿತ್ತು. ಮೇಜಿಗೆ ಇಸ್ತ್ರಿ ಮಾಡಿದ ಬಟ್ಟೆ. ಮೊದಲು ಸೂಪು, ಆಮೇಲೆ ಮಾಂಸ, ಅದಾದ ಮೇಲೆ ಸೊಪ್ಪು, ಚೀಸ್, ಕೊನೆಗೆ ಹಣ್ಣು. ನಮ್ಮೂರ ಹಳದಿ ವೈನು ಮತ್ತು ಒಣಗಿದ ಅಣಬೆ ಹಾಕಿ ಕೋಳಿ ಮಾಡಿದ ದಿನ ಇಡೀ ಬೀದಿ ಘಮ್ಮೆಂದಿತು. ಅವನು ಎರಡು ತುತ್ತು ಬಾಯಿಗಿಟ್ಟು, "ಅಮ್ಮ ಮಾಡಿದ ಹಾಗೇ ಇದೆ ಅಕ್ಕ" ಎಂದು ಚಮಚ ಕೆಳಗಿಟ್ಟ. ದಿನವೂ ಅದೇ ಕಥೆ. ಹೊಗಳುವುದು, ಚಮಚ ಕೆಳಗಿಡುವುದು. ಅವನು ಮಲಗಿದ ಮೇಲೆ ನಾನು ಪಾತ್ರೆ ತೊಳೆಯುತ್ತ ಅತ್ತಿದ್ದೇನೆ. ಡಾಕ್ಟರು ತೂಕ ನೋಡಿ, "ಹೀಗೇ ಇಳೀತಾ ಹೋದ್ರೆ ಆಸ್ಪತ್ರೆಗೆ ಸೇರಿಸಿ ನಳಿಕೆ ಹಾಕ್ಬೇಕಾಗುತ್ತೆ" ಎಂದರು. ಇದನ್ನೂ ನಿನಗೆ ತಿಳಿಸಲಿಲ್ಲ. ಮೇಲಿಂದ ಮೇಲೆ "ಚೆನ್ನಾಗಿ ತಿನ್ನುತ್ತಿದ್ದಾನೆ" ಎಂದೇ ಬರೆದೆ. ಅಡುಗೆಯವಳ ಬಾಯಿಂದ ಬೇರೆ ಮಾತು ಹೊರಡಲಿಲ್ಲ, ಕ್ಷಮಿಸು.

ಇನ್ನು ಇಲ್ಲಿ ಆಗುವುದಿಲ್ಲ, ಊರಿನ ಗಾಳಿಯೇ ಬೇಕು ಎಂದು ನಿಶ್ಚಯಿಸಿದೆ. ಇಬ್ಬರಿಗೂ ಟಿಕೆಟ್ ತೆಗೆಸಿದೆ, ಈ ಗುರುವಾರಕ್ಕೆ. ಆರ್ಮಾನ್ ಹೂಂ ಅಂದ. ಸೂಟ್‌ಕೇಸಿಗೆ ಮಾತು ಬಂದಿದ್ದರೂ ಹಾಗೆಯೇ ಹೂಂ ಅನ್ನುತ್ತಿತ್ತು. ಹೊರಡುವ ಮುಂಚೆ ನೆರೆಯವರ ಋಣ ಇಟ್ಟುಕೊಳ್ಳಬಾರದು ಎಂದು ಮೊನ್ನೆ ಭಾನುವಾರ ಮಧ್ಯಾಹ್ನ ಒಂದಕ್ಕೆ ಅವರನ್ನೆಲ್ಲ ಊಟಕ್ಕೆ ಕರೆದೆ. ನಿಜ ಹೇಳುತ್ತೇನೆ, ಊಟವೆಂದರೆ ಏನು ಎಂದು ಇವರಿಗೆ ಒಮ್ಮೆ ತೋರಿಸಬೇಕು ಎಂಬ ಹಟವೂ ಇತ್ತು. ಹಿಂದಿನ ದಿನದಿಂದಲೇ ಒಲೆ ಹಚ್ಚಿದೆ.

ಒಂದಕ್ಕೆ ಕರೆದರೆ ಮರ್ಯಾದಸ್ಥರು ಒಂದೂಕಾಲಿಗೆ ಬರುತ್ತಾರೆ, ಅಲ್ಲವೇ? ಇವರು ಹತ್ತು ನಿಮಿಷ ಮುಂಚೆಯೇ ಸಾಲಾಗಿ ಬಂದರು. ನಾನಿನ್ನೂ ಎಪ್ರನ್‌ನಲ್ಲಿದ್ದೆ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮುಚ್ಚಿದ ಪಾತ್ರೆ! ನಾನು ಕರೆದ ಊಟಕ್ಕೆ ಅವರ ಮನೆಯ ಅಡುಗೆ! ಹೊಟ್ಟೆಗೆ ಸಿಗುವುದಿಲ್ಲ ಎಂದುಕೊಂಡರೇ? ಕಿವಿ ಬಿಸಿಯಾಯಿತು ನೋಡು.

"ಇದೆಲ್ಲ ಯಾಕೆ? ನಾನು ಅಡುಗೆ ಮಾಡಿಲ್ವಾ?" ಎಂದು ಕೇಳಿಯೇ ಬಿಟ್ಟೆ.

"ಏನೂ ಜಾಸ್ತಿ ಇಲ್ಲ ಕಣ್ರೀ, ಸುಮ್ನೆ ಒಂಚೂರು," ಎಂದಳು ಡೊರೀನ್, ಹನ್ನೆರಡು ಜನರಿಗಾಗುವ ಪಾತ್ರೆಯನ್ನು ಎದೆಗವಚಿಕೊಂಡು. "ಬರಿಗೈಲಿ ಹೆಂಗೆ ಬರೋದು ಹೇಳಿ?"

ಅವಳ ಗಂಡ ವರ್ನ್ ಹಿಂದಿನಿಂದ, "ಅವಳು ಆಸ್ಪತ್ರೆಗೆ ಆಪರೇಷನ್‌ಗೆ ಹೋದಾಗ್ಲೂ ಡಾಕ್ಟ್ರಿಗೆ ಕೇಕ್ ತಗೊಂಡೇ ಹೋಗಿದ್ಳು, ಬಿಡಿ" ಎಂದ.

ನನ್ನ ಐದು ಸುತ್ತಿನ ಊಟದ ಗತಿ ಕೇಳು. ನಾನು ಒಳಗೆ ಸೂಪು ಬಗ್ಗಿಸುವಷ್ಟರಲ್ಲಿ ಇವರು ಎಲ್ಲವನ್ನೂ ಒಂದೇ ಸಲ ಮೇಜಿನ ಮೇಲೆ ಬಿಚ್ಚಿಟ್ಟಿದ್ದರು. ಹಸಿರು ಜೆಲ್ಲಿಯೊಳಗೆ ತುರಿದ ಕ್ಯಾರೆಟ್ ನಡುಗುತ್ತಿತ್ತು, ಅದನ್ನು ಸಲಾಡ್ ಎಂದು ಕರೆದರು. ನನ್ನ ಕೋಳಿಯ ಪಕ್ಕದಲ್ಲೇ ಅದನ್ನೂ ಅದೇ ತಟ್ಟೆಗೆ ಹಾಕಿಕೊಂಡರು. ಒಬ್ಬರು ಕುರ್ಚಿಯಲ್ಲಿ, ಒಬ್ಬರು ಮೆಟ್ಟಿಲ ಮೇಲೆ, ಇನ್ನೊಬ್ಬರು ಕಿಟಕಿಗೆ ಒರಗಿ. ಮಾಂಸ ಕತ್ತರಿಸಿ, ಚಾಕು ಕೆಳಗಿಟ್ಟು, ಫೋರ್ಕನ್ನು ಬಲಗೈಗೆ ದಾಟಿಸಿ, ಎಡಗೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ತಿನ್ನುವುದು. ಕೈ ಮೇಜಿನ ಮೇಲೆ ಕಾಣದಿದ್ದರೆ ಅಜ್ಜಿ ಸೌಟಿನಲ್ಲಿ ಕೊಡುತ್ತಿದ್ದಳಲ್ಲ, ಇಲ್ಲಿ ಅಜ್ಜಿಯಂದಿರೇ ಹಾಗೆ ತಿನ್ನುತ್ತಾರೆ. ವೈನಿನ ಬಾಟಲಿ ನನ್ನ ಮುಖ ನೋಡುತ್ತ ಕೂತಿತ್ತು. ಊಟದ ನಡುವೆಯೇ ನೀರಿನಂಥ ಕಾಫಿ ಹೀರಿದರು. ನನ್ನ ಕೋಳಿಯನ್ನು ಬಾಯಿಗಿಟ್ಟ ವರ್ನ್ ಬಹಳ ಹೊತ್ತು ಯೋಚಿಸಿ, "ಇದು ಒಂಥರಾ ಬೇರೆ ಥರ ಇದೆ" ಎಂದ. ಹಾಗೆಂದರೆ ಹಿಡಿಸಲಿಲ್ಲ ಎಂದು ಅರ್ಥವಂತೆ, ಆರ್ಮಾನ್ ಆಮೇಲೆ ಹೇಳಿದ.

ಆರ್ಮಾನ್ ಮೂಲೆಯ ಕುರ್ಚಿಯಲ್ಲಿ ಖಾಲಿ ತಟ್ಟೆ ಹಿಡಿದು ಕೂತಿದ್ದ. ಡೊರೀನ್ ತನ್ನ ಪಾತ್ರೆಯ ಮುಸುಕು ತೆಗೆದಳು. ಅದೇ, ಕಲ್ಲಾಗಿ ಕೂತಿದ್ದ ಜಾತಿಯದು. ಮಾಂಸ, ಡಬ್ಬಿ ಸೂಪು, ಆಲೂಗಡ್ಡೆ ಉಂಡೆಗಳ ಸಾಲು. ಅದನ್ನು ಮೇಜಿನ ಮೇಲಿಡದೆ ನೇರವಾಗಿ ಅವನ ಹತ್ತಿರ ಒಯ್ದು, ತಳ ಕಾಣುವ ಹಾಗೆ ಸ್ವಲ್ಪ ಮೇಲೆತ್ತಿ ಹಿಡಿದಳು. ಗಾಜಿನ ತಳದಲ್ಲಿ ಬಿಳಿ ಪಟ್ಟಿ. ಅದರ ಮೇಲೆ, ದುಂಡಗಿನ ಅಕ್ಷರದಲ್ಲಿ, ಜಾಯ್ಸ್ ಎಂದು ಬರೆದಿತ್ತು.

"ನಮ್ಮ ವರ್ನ್ ಎದೆ ನೋವಾಗಿ ಮಲಗಿದ್ನಲ್ಲ, ಹೋದ ಚಳಿಗಾಲ, ಆಗ ಜಾಯ್ಸ್ ತಂದ್ಕೊಟ್ಟಿದ್ಳು," ಎಂದಳು ಡೊರೀನ್. "ಅವಳ ಪಾತ್ರೆ ನಮ್ಮನೇಲೇ ಉಳ್ಕೊಂಡಿತ್ತು. ಖಾಲಿ ಪಾತ್ರೆ ಹೆಂಗಪ್ಪಾ ವಾಪಸ್ ಕೊಡ್ಲಿ? ಅವಳು ಮಾಡೋ ಥರಾನೇ ಮಾಡಿದೀನಿ. ಉಂಡೆ ಸಾಲಾಗೇ ಜೋಡ್ಸಿದೀನಿ, ಅವಳಿಗೆ ಸೊಟ್ಟ ಇದ್ರೆ ಆಗ್ತಿರ್ಲಿಲ್ವಲ್ಲ. ಎಷ್ಟ್ ಸಲ ಸಂಜೆ ತಂದೆ, ಕೊಡೋಕೇ ಆಗ್ಲಿಲ್ಲ."

ಸಂಜೆ ತಂದೆ! ನಾನು ಒಂದು ಗೇಣು ತೆರೆದು ಮುಚ್ಚಿದ ಬಾಗಿಲಿನ ಆಚೆ ಅವಳು ಈ ಬಿಸಿ ಪಾತ್ರೆಯನ್ನು ಹಿಡಿದುಕೊಂಡು ನಿಂತಿದ್ದಳು ಸೋಲಾಂಜ್, ಒಂದಲ್ಲ, ಎಷ್ಟೋ ಸಂಜೆ. ಇಲ್ಲಿಯ ಊಟದ ಹೊತ್ತಿಗೆ ಅವನೊಬ್ಬನೇ ಕೂರಬಾರದು ಎಂದು ಬರುತ್ತಿದ್ದವರನ್ನು ನಾನು ಮೆಟ್ಟಿಲಿಳಿಸಿದ್ದೆ. ಮನೆಮನೆಗೂ ಖಾಲಿ ಪಾತ್ರೆ ಹಿಂತಿರುಗಿಸಿ ಬಂದಿದ್ದೆ. ಅವರಲ್ಲಿ ಒಬ್ಬರೂ ಒಂದು ಮಾತಾಡಿರಲಿಲ್ಲ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ನಮ್ಮ ತಮ್ಮ ತಟ್ಟೆ ಒಡ್ಡಿದ. ಅವಳು ಬಡಿಸಿದಳು. ತಿಂದ. ಯಾರೂ ಅವನ ಕಡೆ ನೋಡಲಿಲ್ಲ, ಎಲ್ಲರೂ ಒಟ್ಟಾಗಿ ಈ ಸಲದ ಹಿಮದ ಬಗ್ಗೆ ಮಾತಾಡತೊಡಗಿದರು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು, ಅದರ ಸಮೇತ ತಿಂದ. ಇನ್ನೊಮ್ಮೆ ಹಾಕಿಸಿಕೊಂಡ. ಇಲ್ಲಿಯವರು ಪಾತ್ರೆಯಲ್ಲಿ ಕೊನೆಯದಾಗಿ ಉಳಿದದ್ದನ್ನು ಸತ್ತರೂ ಮುಟ್ಟುವುದಿಲ್ಲ, ಅರ್ಧ ಮಾಡಿ, ಕಾಲು ಮಾಡಿ, ಬೆರಳುಗುರಿನಷ್ಟು ಉಳಿಸಿ ಹೋಗುತ್ತಾರೆ. ಅವನು ಎದ್ದು ಹೋಗಿ ಆ ಕೊನೆಯದನ್ನೂ ಬ್ರೆಡ್ಡಿನಲ್ಲಿ ಬಳಿದು, ನಮ್ಮೂರಿನವರಂತೆ ಗಾಜು ಹೊಳೆಯುವ ಹಾಗೆ ಒರೆಸಿ ತಿಂದ. ಯಾರೋ ಸದ್ದಿಲ್ಲದೆ ಅವನ ಹೆಗಲು ತಟ್ಟಿ ಕಾಫಿ ತರಲು ಹೋದರು.

ನಾನು ಕೋಳಿಯ ಬಟ್ಟಲು ಹಿಡಿದು ಬೆಪ್ಪಾಗಿ ನಿಂತಿದ್ದೆ. ಮೂವತ್ತು ವರ್ಷದಲ್ಲಿ ನನ್ನ ಮೇಜಿನಲ್ಲಿ ಎಷ್ಟೋ ಜನ ಉಂಡು ಹೊಗಳಿ ಹೋಗಿದ್ದಾರೆ. ಮಣ್ಣಿಗೆ ಹೋದ ಹೆಂಗಸಿನ ಕೈಯಡುಗೆ ಅವಳ ಪಾತ್ರೆಯಲ್ಲೇ ಅವಳ ಮನೆಗೆ ಬಿಸಿಬಿಸಿಯಾಗಿ ಬರುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ನಾವು ಊಟವನ್ನು ಮೇಜಿನ ಮೇಲಿಟ್ಟು ಜನರನ್ನು ಕರೆಯುತ್ತೇವೆ, ನಮ್ಮ ಮೇಜೇ ನಮಗೆ ದೊಡ್ಡದು. ಇಲ್ಲಿ ಊಟವೇ ಚಪ್ಪಲಿ ಮೆಟ್ಟಿಕೊಂಡು ಹಿಮದಲ್ಲಿ ನಡೆದುಕೊಂಡು ಜನರ ಹತ್ತಿರ ಹೋಗುತ್ತದೆ. ರುಚಿ? ನಾನೂ ತಿಂದೆ. ಉಪ್ಪು ಜಾಸ್ತಿ, ಸೂಪು ಅಂಟು, ಅಣಬೆಗೆ ಅಣಬೆಯ ವಾಸನೆಯೇ ಇಲ್ಲ. ಆದರೂ ತಟ್ಟೆ ಖಾಲಿ ಮಾಡಿದೆ, ಅದು ಬೇರೆ ಮಾತು.

ಎಲ್ಲರೂ ನಾಲ್ಕಕ್ಕೇ ಎದ್ದು ಹೋದರು. ಚೀಸ್ ಇನ್ನೂ ಹೊರಗೇ ಬಂದಿರಲಿಲ್ಲ! ಉಳಿದ ಕೋಳಿಯನ್ನು ಡೊರೀನ್ ಡಬ್ಬಿಗೆ ತುಂಬಿಸಿಕೊಂಡು ಹೋದಳು, ವರ್ನ್ "ನಾಳೆಗೆ ಇನ್ನೂ ಬೇರೆ ಥರ ಆಗಿರುತ್ತೆ" ಎಂದ. ಆರ್ಮಾನ್ ಪಾತ್ರೆ ಒರೆಸುತ್ತ ನಿಂತಿದ್ದ. "ಅಕ್ಕ, ಬೇಜಾರ್ ಮಾಡ್ಕೋಬೇಡ. ನಾನು ಬರಲ್ಲ" ಎಂದ. ಮತ್ತೆ, "ಎಂಟು ಗಂಟೆಗೆ ಊಟಕ್ಕೆ ಕೂತ್ರೆ ಈ ಮನೇಲಿ ಅವಳಿಲ್ಲ ಅನ್ಸುತ್ತೆ. ಐದೂವರೆಗೆ ಕೂತ್ರೆ ಈಗ ಬರ್ತಾಳೆ ಅನ್ಸುತ್ತೆ" ಎಂದ. ಇಷ್ಟನ್ನು ಹೇಳಲು ಅವನಿಗೆ ಇಷ್ಟು ದಿನ ಹಿಡಿಯಿತು, ಅಥವಾ ನಾನು ಕೇಳಲು ಕೂತಿರಲಿಲ್ಲ.

ನನಗೆ ನೋವಾಯಿತು. ಅವನ ಕೋಣೆಗೆ ನೀನು ಹೊಸ ಪರದೆ ಹಾಕಿಸಿದ್ದೀಯ ಎಂದು ಗೊತ್ತು, ಅದನ್ನು ನೆನೆದು ಇನ್ನಷ್ಟು ನೋವಾಯಿತು. ಆದರೆ ನಿನ್ನೆ ಐದೂವರೆಗೆ ನಾನೇ ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಅವನು ತಿಂದ. ಇವತ್ತೂ ತಿಂದ. ಅವನ ಟಿಕೆಟ್ ರದ್ದು ಮಾಡಿಸಿದ್ದೇನೆ. ಪರದೆಯನ್ನು ತೆಗೆಯಬೇಡ, ಬೇಸಿಗೆಯಲ್ಲಿ ನೋಡಲು ಬರುತ್ತಾನಂತೆ.

ಕೋಳಿಯ ಸಾರನ್ನು ಇನ್ನು ನೀನೇ ಮಾಡು. ಕೆನೆಯನ್ನು ಕೊನೆಯಲ್ಲಿ ಹಾಕು, ಕುದಿಸಬೇಡ. ಇಷ್ಟು ವರ್ಷ ನಿನಗೆ ಸೌಟು ಮುಟ್ಟಲು ಬಿಡದಿದ್ದದ್ದು ನನ್ನ ಹೊಟ್ಟೆಕಿಚ್ಚೇ ಹೊರತು ನಿನ್ನ ಕೈಯ ದೋಷವಲ್ಲ.

ನಿನ್ನ ಕೆನ್ನೆಗೆರಡು ಮುತ್ತು,
ನಿನ್ನ ಹಟಮಾರಿ ಅಕ್ಕ,
ಹುಗೆಟ್

ಮರೆತ ಮಾತು: ಅವನ ಟಿಕೆಟ್ ಬಗ್ಗೆ ಬರೆದೆ, ನನ್ನದರ ಬಗ್ಗೆ ಬರೆಯಲಿಲ್ಲ ಎಂದು ನೀನು ಆಗಲೇ ಹಿಡಿದಿರುತ್ತೀಯ. ಎದುರು ಮನೆಯ ಹುಡುಗಿಗೆ ಇವತ್ತು ಬೆಳಿಗ್ಗೆ ಹೆರಿಗೆಯಾಯಿತು. ಸಂಜೆ ಐದೂವರೆಗೆ ಒಂದು ಪಾತ್ರೆ ಮಾಡಿಕೊಂಡು ಹೋಗಿ ಕೊಟ್ಟು ಬಂದೆ. ಮಾಂಸ, ಆಲೂಗಡ್ಡೆ ಉಂಡೆ, ಹೌದು, ಡಬ್ಬಿ ಸೂಪೇ. ನಮ್ಮ ಚೀಸನ್ನು ಮೇಲೆ ಒಂದಿಷ್ಟು ತುರಿದೆ, ಯಾರಿಗೂ ಹೇಳಲಿಲ್ಲ. ತಳಕ್ಕೆ ಪಟ್ಟಿ ಅಂಟಿಸಿ, ಯಾರ ಹೆಸರು ಬರೆಯಲಿ ಎಂದು ಆರ್ಮಾನ್‌ನನ್ನು ಕೇಳಿದೆ. "ಮಾಡಿದ್ದು ನೀನು, ಇನ್ಯಾರ್ದು ಬರೀತಿಯ" ಎಂದ. ಹುಗೆಟ್ ಎಂದು ಬರೆದೆ. ಇಲ್ಲಿ ಪಾತ್ರೆ ವಾಪಸ್ ಬರುವುದಕ್ಕೆ ಒಂದು ಚಳಿಗಾಲವೇ ಬೇಕು ಎಂದು ನಿನಗೆ ಈಗ ಗೊತ್ತು. ಅದು ತುಂಬಿಕೊಂಡು ಬಂದಾಗ ಬಾಗಿಲು ತೆರೆಯಲು ನಾನು ಇರಬೇಡವೇ?