ದೊಡ್ಡವ್ವನ ಮನೆಯೂ ಮನೆಯೇ

ಮಾನ್ಯ ಶಾಲಾ ಪ್ರವೇಶಾಧಿಕಾರಿಗಳೇ,

ನನ್ನ ತಂಗಿಯ ಮಗಳು ನೇತ್ರಾಳಿಗೆ ಕೊಟ್ಟಿದ್ದ ಸೆಕೆಂಡರಿ ಶಾಲೆಯ ಸೀಟನ್ನು ತರಗತಿ ಶುರುವಾಗುವ ಮುಂಚೆಯೇ ಕಿತ್ತುಕೊಂಡಿರಿ. ಶಾಲೆಯ ಗಡಿಯೊಳಗೆ ಮನೆಯಿದ್ದವರಿಗೇ ಸೀಟು, ಅದಕ್ಕೆಂದು ನಾವು ಸುಳ್ಳು ವಿಳಾಸ ಕೊಟ್ಟೆವಂತೆ. ಆ ಸುಳ್ಳು ವಿಳಾಸದಲ್ಲಿ ಕೂತೇ ಈ ಪತ್ರ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆಲ್ಲ ನಿಮ್ಮ ಕಂಪ್ಯೂಟರೇ ಉತ್ತರ ಕೊಟ್ಟಿತು. ಅದಕ್ಕೇ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರಿಗೆ ಕೇಳುವ ಹಾಗೆ ಬರೆಯುತ್ತಿದ್ದೇನೆ. ಎಲ್ಲ ಭಾಷೆಗಳನ್ನೂ ಗೌರವಿಸುತ್ತೇವೆ ಎಂದು ನಿಮ್ಮ ಕೌನ್ಸಿಲ್ ಕಚೇರಿಯ ಬಾಗಿಲಲ್ಲೇ ಫಲಕ ಹಾಕಿದ್ದೀರಲ್ಲ, ಯಾರಿಂದಲಾದರೂ ಓದಿಸಿಕೊಳ್ಳಿ.

ತಂಗಿ ಕೃಷ್ಣವೇಣಿ ಮತ್ತು ಅವಳ ಗಂಡ ಶಶಿಧರ ಇಬ್ಬರೂ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಕೆಲಸದವರು. ವಿಜಯಪುರದ ಕಡೆಯ ನಮ್ಮಂಥ ಮನೆಗಳಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಗು ದೊಡ್ಡವ್ವನ ಮನೆಯಲ್ಲಿ ಬೆಳೆಯುತ್ತದೆ, ಅಷ್ಟೇ. ನೇತ್ರಾ ನಡೆಯಲು ಕಲಿತದ್ದು ನನ್ನ ಅಡುಗೆಮನೆಯಲ್ಲಿ. ಶಾಲೆಯಿದ್ದ ದಿನಗಳಲ್ಲಿ ಊಟ, ನಿದ್ದೆ, ಹೋಮ್‌ವರ್ಕ್ ಎಲ್ಲ ಇಲ್ಲೇ. ರಜೆಯಲ್ಲಿ ಮಾತ್ರ ಅಪ್ಪ ಅಮ್ಮನ ಫ್ಲ್ಯಾಟಿನಲ್ಲಿ. ಅರ್ಜಿ ಹಾಕುವಾಗ ತಂಗಿ ಕೇಳಿದಳು, “ಅಕ್ಕಾ, ಹುಡುಗಿ ಇರೂದು ನಿನ್ನ ಕಡೆ. ನಿನ್ನ ಮನಿ ಅಡ್ರೆಸ್ಸೇ ಹಾಕಲೇನು?”

“ಮತ್ತ ಇನ್ಯಾರ ಮನೀದು ಹಾಕ್ತೀಯವಾ?” ಅಂದೆ. ನಮ್ಮ ಒಳಸಂಚು ಇಷ್ಟೇ.

ಆಮೇಲೆ ನಿಮ್ಮ ಕಚೇರಿಯವರೊಬ್ಬರು ತನಿಖೆಗೆ ಬಂದರು. ಶೂ ಬಿಚ್ಚದೆ ನೇತ್ರಾಳ ಕೋಣೆಗೆ ನಡೆದರು, ಅವಳೆದುರೇ ಬೀರು ತೆಗೆಸಿದರು. ಅವಳ ಬಟ್ಟೆ, ಪುಸ್ತಕ, ಹಾಸಿಗೆ ಯಾವುದೂ ಸಾಕ್ಷಿಯಾಗಲಿಲ್ಲ. ನೀವು ಮಗುವಿಗೆ ಏನಾಗಬೇಕು ಎಂದರು. ದೊಡ್ಡವ್ವ ಎಂದು ಹೇಳಿ ಅರ್ಥ ಬಿಡಿಸಿದೆ. “ಅಂದರೆ ಸಂಬಂಧಿ,” ಎಂದು ಗೀಚಿಕೊಂಡರು. ತಂದೆತಾಯಿ ಇರುವುದೇ ಮಗುವಿನ ಮನೆ, ಸಂಬಂಧಿಯ ಮನೆ ಲೆಕ್ಕಕ್ಕಿಲ್ಲ ಎಂಬುದು ನಿಮ್ಮ ನಿಯಮ. ಅದು ನಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಗೊತ್ತಿಲ್ಲದೆ ಮಾಡಿದ್ದಕ್ಕೂ ವಂಚನೆಗೂ ನಿಮ್ಮ ಕಚೇರಿಯಲ್ಲಿ ವ್ಯತ್ಯಾಸವೇ ಇಲ್ಲವೇ?

ನಮ್ಮ ಬೀದಿಯ ಕೊನೆಯ ಮನೆಗೆ, ಕ್ಯಾನರಿ ವಾರ್ಫಿನ ದೊಡ್ಡ ಬ್ಯಾಂಕಿನಲ್ಲಿ ಕೈತುಂಬ ಸಂಬಳಕ್ಕೆ ಕೆಲಸ ಮಾಡುವವರ ಕುಟುಂಬವೊಂದು ಸರಿಯಾಗಿ ಅರ್ಜಿಯ ಕಾಲಕ್ಕೆ ಬಾಡಿಗೆಗೆ ಬಂತು. ಮಗನಿಗೆ ಸೀಟು ಸಿಕ್ಕಿತು, ಬೇಸಿಗೆಯಲ್ಲಿ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಹೊರಟೂ ಹೋಯಿತು. ಅವರದು ಆಯ್ಕೆ, ಹುಟ್ಟಿದಾಗಿನಿಂದ ಇಲ್ಲಿ ಉಂಡು ಬೆಳೆದ ನಮ್ಮ ಹುಡುಗಿಯದು ಮೋಸ! ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಚೆನ್ನಾಗಿ ಓದಲಿ.

ನೇತ್ರಾ ಈಗ ಎರಡು ಬಸ್ಸು ಬದಲಿಸಿ ಬೇರೆ ಶಾಲೆಗೆ ಹೋಗುತ್ತಾಳೆ. ಅಲ್ಲಿಯ ಟೀಚರುಗಳು ಒಳ್ಳೆಯವರೇ. ಆದರೆ ಅವಳ ತರಗತಿಯ ತುಂಬ ಶಿಫ್ಟ್ ಕೆಲಸದವರ ಮಕ್ಕಳೇ; ಬ್ಯಾಂಕಿನವರ ಮಕ್ಕಳು ಗಡಿಯ ಆಚೆ. ಎಲ್ಲ ಬಗೆಯ ಮನೆಗಳ ಮಕ್ಕಳು ಕೂಡಿ ಕಲಿಯಲಿ ಎಂದು ಭಾಷಣ ಮಾಡುವವರೂ ನೀವೇ, ನಕ್ಷೆಯ ಮೇಲೆ ಗೆರೆ ಎಳೆಯುವವರೂ ನೀವೇ. ಬಾಡಿಗೆ ಕೊಡಬಲ್ಲವರು ಮಾತ್ರ ಆ ಗೆರೆ ದಾಟಬಹುದಾದರೆ, ಯಾರು ಯಾರ ಜೊತೆ ಕೂಡಿದ ಹಾಗಾಯಿತು?

ಶಾಲೆ ಹೋದದ್ದನ್ನು ಹೇಗೋ ನುಂಗಿಕೊಂಡೇವು. ಆದರೆ ತನಿಖೆಯಾದ ಮೇಲೆ ನೇತ್ರಾ ನನ್ನ ಮನೆಯಲ್ಲಿ ಮಲಗುವುದನ್ನೇ ಬಿಟ್ಟಿದ್ದಾಳೆ. ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. “ಯಾಕವಾ, ಎಲ್ಲಿಗೆ ಹೊಂಟಿ?” ಎಂದೆ. “ಯೂ ವಿಲ್ ಗೆಟ್ ಇನ್ ಟ್ರಬಲ್, ದೊಡ್ಡವ್ವಾ,” ಎಂದಳು. ತಾನು ಇಲ್ಲಿದ್ದರೆ ನನ್ನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಅವಳ ಭಯ. ಅವಳನ್ನು ನೋಡಿಕೊಳ್ಳಲು ತಂಗಿ ಕೆಲಸ ಕಡಿಮೆ ಮಾಡಿಕೊಂಡಿದ್ದಾಳೆ. ನನ್ನ ಮನೆ ಬಿಕೋ ಎನ್ನುತ್ತಿದೆ. ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸೀಟು ವಾಪಸು ಕೊಡಿ. ಕೊಡುತ್ತೀರೆಂಬ ನಂಬಿಕೆ ನನಗಿಲ್ಲ. ಆದರೆ ಇನ್ನೊಂದು ಕೆಲಸವಿದೆ, ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಒಂದು ದಿನ ತಂಗಿಯ ಫ್ಲ್ಯಾಟಿಗೆ ಹೋಗಿ, ಆ ಹುಡುಗಿಯ ಎದುರು ಕೂತು, ನೀನೂ ಸುಳ್ಳು ಹೇಳಿಲ್ಲ, ನಿನ್ನ ದೊಡ್ಡವ್ವನೂ ಹೇಳಿಲ್ಲ, ಅವಳ ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗು ಎಂದು ನಿಮ್ಮ ಬಾಯಿಂದ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ. ಈ ದೇಶದಲ್ಲಿ ಅಧಿಕಾರಿಗಳು ಹೇಳಿದ್ದೇ ಸತ್ಯ ಎಂದು ಅವಳಿಗೆ ಕಲಿಸಿದವಳು ನಾನೇ.

ಇಂತಿ,
ಖಾಲಿ ಕೋಣೆಯೊಂದರ ಒಡತಿ,
ಸುವರ್ಣಾ