ಬಾವಿ ಬದುವಿನ ತೊಗರಿ

ಕಳ್ಳಂಬೆಳ್ಳ
ಮಂಗಳವಾರ, 8-12-1964

ನನ್ನ ಸೊಸೆ ಸರ್ವಮಂಗಳೆಗೆ ಅತ್ತೆ ಚನ್ನಮಲ್ಲಮ್ಮ ಮಾಡುವ ಆಶೀರ್ವಾದ.

ಮಧುಗಿರಿಯಲ್ಲಿ ನೀನು, ನಿಮ್ಮ ತಾಯಿ ಚೆನ್ನಾಗಿದ್ದೀರಾ? ನಿನ್ನ ಕೆಮ್ಮು ಹೋಯಿತೇ? ಶುಂಠಿ ಕಷಾಯ ಅಂದರೆ ಮೂತಿ ತಿರುವುತ್ತೀ, ಸುಮ್ಮನೆ ಕುಡಿ. ನನ್ನ ಮಂಡಿನೋವು ಹಾಗೇ ಇದೆ. ನನ್ನ ಮಗ, ನಿನ್ನ ಗಂಡ ರೇಣುಕಯ್ಯ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಮಾತಿಲ್ಲ. ನಿನ್ನ ಕರಿ ಮೇಕೆ ಎರಡು ಮರಿ ಹಾಕಿದೆ. ಅಯ್ಯೋ, ಇದನ್ನು ನಿನಗೆ ಬರೆಯಬಾರದಿತ್ತೇನೋ. ಬರೆದಾಯಿತು, ಹೊಡೆದುಹಾಕಿದರೆ ಇನ್ನೂ ಎದ್ದು ಕಾಣುತ್ತದೆ.

ಹೋದ ವರ್ಷದ ತೊಗರಿ ಏನಾಯಿತೆಂದು ನೀನೇ ಕಂಡಿದ್ದೀ. ಕಡಲೆಕಾಯಿ ಹೊಲದ ನಡುನಡುವಿನ ಅಕ್ಕಡಿ ಸಾಲಿಗೆ ತೊಗರಿ ಬಿಡುವುದು ಹೆತ್ತ ತಾಯಿಯ ಕೈಯಲ್ಲೇ ಆಗಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಮಂಡಿ ಊದಿತ್ತೆಂದು ಬೀಜವನ್ನು ನಿನ್ನ ಮಡಿಲಿಗೆ ಸುರಿದವಳು ನಾನೇ. ಕಾರ್ತಿಕ ಬಂದರೂ ಗಿಡ ಹಸಿರು ಪೊದೆಯಾಗಿ ನಿಂತವೇ ಹೊರತು ಒಂದು ಹೂವಿಲ್ಲ, ಒಂದು ಕಾಯಿಲ್ಲ. ಆಗ ಪಕ್ಕದ ಮನೆ ಶಿವರುದ್ರಮ್ಮನ ಮುಂದೆ ನಾನು ಆಡಿದ ಮಾತನ್ನು ನೀನು ಮರೆತಿರಲಾರೆ: “ಬಂಜೆ ಕೈಲಿ ಬಿತ್ಸಿದ್ಕೆ ಹೊಲ್ವೂ ಬಂಜೆಯಾಯ್ತು ಕಣಮ್ಮ.” ನೀನು ಒಲೆ ಮುಂದೆ ಕೂತಿದ್ದೆ. ಎಸರಿಗೆ ಹಿಟ್ಟು ಹಾಕಿದೆ. ಸಂಕ್ರಾಂತಿ ಕಳೆದ ಮೇಲೆ ನಿನ್ನನ್ನು ತೌರಿಗೆ ಕಳಿಸಿಬಿಟ್ಟೆ.

ಈ ವರ್ಷ ಕುಂಟುತ್ತಾ ನಾನೇ ಬಿತ್ತಿದೆ. ಅರ್ಧ ಹೊಲ ಮತ್ತೆ ಹಾಗೇ! ಬೀಜದ ಮಡಕೆ ನೀನು ಮುಟ್ಟಿದ್ದಲ್ಲವೇ ಎಂದುಕೊಂಡೆ. ನನ್ನ ಹಟ ನಿನಗೆ ಗೊತ್ತಲ್ಲ. ಅಷ್ಟರಲ್ಲಿ ಸಿರಾದ ನಿಯಾಜ್ ಅಹಮದ್ ಬಂದ. ಬೇಸಾಯದ ಕಾಲೇಜಿನಲ್ಲಿ ಗಿಡದ ರೋಗಗಳ ಸಂಶೋಧನೆ ಮಾಡುವವನು. ನಮ್ಮ ಜಗಲಿಯ ಮೇಲೆ ಎರಡು ಕುಂಡ ಇಟ್ಟು, ತಾನು ತಂದ ಹೊಸ ಬೀಜವನ್ನು ನನ್ನ ಕೈಯಲ್ಲೇ ಊರಿಸಿದ. ಸಸಿ ಎದ್ದ ಮೇಲೆ ಎರಡಕ್ಕೂ ನಮ್ಮ ಹೊಲದ ರೋಗದ ಗಿಡದ ಎಲೆ ಕಟ್ಟಿದ. ಒಂದು ಎಲೆಯಲ್ಲಿ ನುಸಿ ಎಂಬ ಸಣ್ಣ ಹುಳ ಹಾಗೇ ಇತ್ತು. ಇನ್ನೊಂದರ ನುಸಿಯನ್ನು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ನೋಡಿ ನೋಡಿ ತೆಗೆದಿದ್ದ. ತಿಂಗಳಾಗುವಷ್ಟರಲ್ಲಿ ನುಸಿ ಇದ್ದ ಕುಂಡದ ಸಸಿ ಮಚ್ಚೆ ಮಚ್ಚೆಯಾಗಿ ಮುರುಟಿತು, ಇನ್ನೊಂದು ಲಕ್ಷಣವಾಗಿ ನಿಂತಿದೆ. ಊರಿದ ಕೈ ಎರಡಕ್ಕೂ ಒಂದೇ, ನಾಲ್ಕು ಹೆತ್ತ ಕೈ! ಆ ನುಸಿಯನ್ನು ನಾನೂ ಗಾಜಿನಲ್ಲಿ ಕಂಡೆ, ಸೂಜಿ ಮೊನೆಗಿಂತ ಸಣ್ಣದು. ಅದರ ಬಾಯಿಂದ ಗಿಡಕ್ಕೆ ವೈರಸ್ ಎಂಬ ನಂಜು ಹತ್ತುತ್ತಿರಬೇಕು ಅನ್ನುತ್ತಾನೆ. ಈ ರೋಗ ಹತ್ತಿದ ಗಿಡ ಹೂ ಬಿಡುವುದಿಲ್ಲವಂತೆ. ನಂಜನ್ನು ಅವನೂ ಕಣ್ಣಲ್ಲಿ ಕಂಡಿಲ್ಲವಂತೆ.

ಬೇಸಿಗೆಯಲ್ಲಿ ಈ ನುಸಿ ಎಲ್ಲಿರುತ್ತದಪ್ಪಾ ಎಂದು ಕೇಳಿದೆ. ಬಾವಿ ಕಡೆ ಕೈ ತೋರಿಸಿದ. “ಬೇಜಾರ್ ಮಾಡ್ಕೋಬೇಡಿ ಅಮ್ಮಾ, ಆ ಹಳೇ ಗಿಡಗಳೇ ಅದರ ಮನೆ. ಅಲ್ಲಿಂದ ಗಾಳೀಲಿ ಹೊಲಕ್ಕೆ ಬರುತ್ತೆ.” ಕೊಯ್ಲಾದ ಮೇಲೆ ತೊಗರಿ ಕಿತ್ತು ಸೌದೆ ಮಾಡುವುದು ಊರಿನ ಕ್ರಮ. ಕಾಯಿ ಬಿಡದಿದ್ದರೇನು, ಬೇಸಿಗೆಗೆ ಮೇಕೆಗಳಿಗೆ ಸೊಪ್ಪಾಗುತ್ತದೆ ಎಂದು ಬಾವಿ ಬದುವಿನ ತೊಗರಿ ಗಿಡಗಳಿಗೆ ಮೂರು ವರ್ಷದಿಂದ ನೀರು ಹೊಯ್ದು ಸಾಕಿದವಳು ನಾನು. “ಕಿತ್ತಾಕನ ಬುಡಿ ಅತ್ತೆ” ಎಂದು ನೀನು ಒಮ್ಮೆ ಹೇಳಿದ್ದಕ್ಕೆ ಗದರಿಸಿದ್ದೆ. ನೆನ್ನೆ ಅಷ್ಟನ್ನೂ ಕಿತ್ತು ಸುಟ್ಟೆ. ಹೊಲ ಕೆಡಿಸಿದವಳು ನಾನು, ಹೆಸರು ಕೆಟ್ಟದ್ದು ನಿನ್ನದು. ನಾಚಿಕೆಯಾಗುತ್ತದೆ ಮಗಳೇ. ನನ್ನನ್ನು ಬೈದುಕೋ, ಆದರೆ ಬೈದು ಸುಮ್ಮನಾಗಬೇಡ.

ನಿಮ್ಮ ತಾಯಿಗೆ ನನ್ನ ಶರಣು ತಿಳಿಸು. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ
ಚನ್ನಮಲ್ಲಮ್ಮ

ತಾ.ಕ.: ಬರುವ ಸೋಮವಾರ ರೇಣುಕಯ್ಯನಿಗೆ ಇನ್ನೊಂದು ಹೆಣ್ಣು ನೋಡಲು ಕೊರಟಗೆರೆಗೆ ಹೋಗಬೇಕು. ಧನುರ್ಮಾಸ ಹಿಡಿಯುವ ಮೊದಲು ವೀಳ್ಯ ಬದಲಾಯಿಸೋಣ ಎಂದು ಗೊತ್ತು ಮಾಡಿದವಳೂ ನಾನೇ. ಹುಡುಗಿಗೆ ಹದಿನೇಳು. ಅವಳಿಗೂ ಮಕ್ಕಳಾಗದಿದ್ದರೆ ಅವಳ ತಲೆಗೆ ಇನ್ನೇನು ಕಟ್ಟುತ್ತೇನೋ. ಕುಂಡ ಯಾಕೆ ಎಂದು ಕೇಳಿದ ಮಗನಿಗೆ “ಕಾಲೇಜ್ನೋರ್ದು ಕಣ್ಲಾ” ಎಂದು ಹಾರಿಸಿದ್ದೇನೆ, ಮಿಕ್ಕದ್ದು ಹೇಳಲು ಬಾಯಿ ಬರಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬಾ. ನೀನು ಹೊಸಿಲಲ್ಲಿ ನಿಂತರೆ ಶಿವರುದ್ರಮ್ಮನನ್ನೂ ಕರೆದು, ಹೊಲ ಕೆಟ್ಟದ್ದು ನನ್ನಿಂದ ಎಂದು ಎಲ್ಲರೆದುರು ಹೇಳುತ್ತೇನೆ. ನೀನು ಬರದಿದ್ದರೆ ಸೋಮವಾರ ನಾನೂ ಹೆಣ್ಣು ನೋಡಲು ಹೊರಟವರ ಜೊತೆ ಗಾಡಿ ಹತ್ತಿಬಿಡುತ್ತೇನೆ, ಸರ್ವಮಂಗಳಾ. ನನ್ನ ಬುದ್ಧಿ ನನಗೆ ಗೊತ್ತು.