ಕೆಂಪಿಗೆ ನಾಲ್ಕು, ನೀಲಿಗೆ ನಾಲ್ಕು

ಮಾರ್ಚ್ 3, ಸೋಮವಾರ

ಎರಡು ಗಾಡಿಗಳನ್ನೂ ತೂಗಿದ್ದಾಯಿತು. ಟ್ಯಾಂಕ್ ಭರ್ತಿ, ಆಯಿಲ್ ಭರ್ತಿ. ಕೆಂಪು 178 ಕಿಲೋ. ನೀಲಿ 174. ಎರಡೂ ಕಂಪನಿಗಳ ಕರಪತ್ರದಲ್ಲಿ ಇದಕ್ಕಿಂತ ಕಡಿಮೆ ಇದೆ. ತೂಕದ ವಿಷಯದಲ್ಲಿ ಯಾರೂ ನಿಜ ಹೇಳುವುದಿಲ್ಲ, ಚಿಕ್ಕಪ್ಪನೂ ಸೇರಿ.

ಇದುವರೆಗೆ ನಮ್ಮ ಪತ್ರಿಕೆ ಪರೀಕ್ಷಿಸುತ್ತಿದ್ದುದು ಮೋಟಾರ್‌ಸೈಕಲ್ ಮಾತ್ರ. ಸ್ಪೋರ್ಟ್ ಕ್ವಾಡ್ ಇದೇ ಮೊದಲು. ನಾಲ್ಕು ಉಬ್ಬಿದ ಚಕ್ರ, ಬೈಕಿನ ಹ್ಯಾಂಡಲ್, ಆಕ್ಸಿಲರೇಟರ್ ಬಲ ಹೆಬ್ಬೆರಳಿಗೆ. ಸವಾರಿ ಚಿಕ್ಕಪ್ಪನದು, ಇಪ್ಪತ್ತೊಂಬತ್ತು ವರ್ಷದಿಂದ. ಓಟದ ಸಮಯ ಅಳೆಯುವ ಗಡಿಯಾರ ನನ್ನದು, ಹನ್ನೆರಡು ವರ್ಷದಿಂದ.

ಸಂಜೆ ತಂಪಿನಲ್ಲಿ ಚಿಕ್ಕಪ್ಪ ಕೆಂಪನ್ನು ಆಫೀಸಿನ ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದು ಬಂದರು. ಮುಖ ಅರಳಿತ್ತು.

"ಒಂದು ಸುತ್ತು ಹೋಗಿ ಬಾರೇ."

"ಬೇಡ. ನನಗೆ ಅಂಕಿ ಸಾಕು."

"ನೀನು ಗಾಡಿನೂ ಅನುವಾದದಲ್ಲೇ ಓದೋಳು."

ಚೀಲದಲ್ಲಿ ಆಗ ಒಂದೇ ಕಾದಂಬರಿಯ ಎರಡು ಅನುವಾದಗಳಿದ್ದವು. ಬದಿಬದಿಗಿಟ್ಟು ಓದುತ್ತಿದ್ದೇನೆ. ಹಳೆಯದರಲ್ಲಿ ಅಂಚೆಯವನು "ಬಂದ". ಹೊಸದರಲ್ಲಿ "ಬಂದೇಬಿಟ್ಟ". ಯಾವುದು ಸರಿಯೋ. ಮೂಲ ಭಾಷೆ ನನಗೆ ಬಾರದು.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 1:20, ಟ್ರ್ಯಾಕ್ ಪಕ್ಕದ ಶೆಡ್

ಬೆಳಿಗ್ಗೆಯೇ ಟೈರು ಒತ್ತಡ ನೋಡಿ ಪಟ್ಟಿಯಲ್ಲಿ ಬರೆದೆ. ಕೆಂಪಿಗೆ ನಾಲ್ಕು ಪೌಂಡ್, ನೀಲಿಗೆ ನಾಲ್ಕು. ಮೋಟಾರ್‌ಸೈಕಲ್ಲಿಗೆ ಮೂವತ್ತು ಹಾಕಿ ರೂಢಿಯಾದ ಕೈ—ಎರಡೆರಡು ಸಲ ನೋಡಿಕೊಂಡೆ. ಎರಡೂ ಕಂಪನಿಯವರು ಹೇಳಿರುವುದು ನಾಲ್ಕೇ.

ಎಂಟರಿಂದ ನೀಲಿ. ಆಮೇಲೆ ಟ್ರ್ಯಾಕಿಗೆ ನೀರು ಹೊಡೆಸಿ, ಒಣಗಲು ಬಿಟ್ಟೆ. ಎರಡಕ್ಕೂ ಒಂದೇ ಥರದ ನೆಲ ಸಿಗಬೇಕು. ಹನ್ನೊಂದರಿಂದ ಕೆಂಪು.

ನೂರು ಮೀಟರ್ ನೇರ ಓಟ: ನೀಲಿ 5.6 ಸೆಕೆಂಡ್, ಕೆಂಪು 5.8. ಸಾಲಾಗಿಟ್ಟ ಹತ್ತು ಪ್ಲಾಸ್ಟಿಕ್ ಕೋನುಗಳ ನಡುವೆ ಅಂಕುಡೊಂಕು ಓಟ: ನೀಲಿ 14.2, ಕೆಂಪು 14.9. ಪೂರ್ತಿ ಸುತ್ತಿನಲ್ಲಿ ಕೆಂಪು ಮೂರು ಸೆಕೆಂಡ್ ಹಿಂದೆ.

ಹೆಲ್ಮೆಟ್ ತೆಗೆಯುವ ಮೊದಲೇ ಚಿಕ್ಕಪ್ಪ ತೀರ್ಪು ಕೊಟ್ಟರು. "ಓಡೋದು ನೀಲಿ. ತಿರುಗೋದು ಕೆಂಪು."

"ಗಡಿಯಾರ ಎರಡಕ್ಕೂ ನೀಲಿ ಅಂತಿದೆ."

"ಗಡಿಯಾರ ಕೂತಿದ್ದು ಕುರ್ಚಿ ಮೇಲೆ, ಕಣೇ. ಇವತ್ತು ಯಾಕೋ ಕೆಂಪು ಚೆಂಡಿನ ಮೇಲೆ ಕೂತ ಹಾಗಿತ್ತು, ನಿಜ. ನಿನ್ನೆ ಹಾಗಿರ್ಲಿಲ್ಲ. ಆದ್ರೂ ಮುಂದಿನ ಚಕ್ರ ಹೇಳಿದ ಮಾತು ಕೇಳುತ್ತೆ. ಬರ್ಕೋ."

ಎರಡನೆಯ ಸವಾರಿ ನಮ್ಮ ಪತ್ರಿಕೆಯ ಕಿರಿಯಳು ಸ್ಪ್ರಿಂಗ್‌ಳದು. ಇಪ್ಪತ್ತಾರು ವರ್ಷ, ನಿಂತಲ್ಲಿ ನಿಲ್ಲದ ಕಾಲುಗಳಿಂದ ಬಂದ ಹೆಸರು. ಪಾಪ, ಸಂಕೋಚದಿಂದಲೇ ಹೇಳಿದಳು. "ಅಂಕಲ್, ನನಗೂ ಕೆಂಪು ಕುಣೀತು. ನೀಲಿನೇ ಆರಾಮ."

ಅವಳ ಅಂಕಿಗಳೂ ಅದನ್ನೇ ಹೇಳುತ್ತಿವೆ.

ಅದೇ ದಿನ, ಸಂಜೆ 7

ಊಟದ ಮೇಜಿನಲ್ಲಿ ಚಿಕ್ಕಪ್ಪ ಉಪ್ಪಿನ ಡಬ್ಬಿಯನ್ನು ಕೆಂಪು ಗಾಡಿ ಮಾಡಿ, ಲೋಟಗಳನ್ನು ಕೋನು ಮಾಡಿ ತೋರಿಸಿದರು. ಉಪ್ಪು ಚೆಲ್ಲಿತು.

"ಕೆಂಪು ಯಾಕೆ ಇಷ್ಟ ಅಂತ ನಾನು ಹೇಳ್ಲಾ?" ಚಿಕ್ಕಮ್ಮ ಬಟ್ಟೆ ತಂದಳು. "ಅದರ ಸೀಟು ಅಗಲ."

ಮಾರ್ಚ್ 5, ಬುಧವಾರ

ಸಂಪಾದಕರ ಗಾಜಿನ ಕೋಣೆ. ಅವರ ಮುಂದೆ ನನ್ನ ಅಂಕಿಗಳು, ಚಿಕ್ಕಪ್ಪ ರಾತ್ರಿ ಬರೆದ ಲೇಖನ. ನಾವಿಬ್ಬರೂ ನಿಂತೇ ಇದ್ದೆವು. ಕುರ್ಚಿಗಳ ಮೇಲೆ ಹಳೆಯ ಸಂಚಿಕೆಗಳು ಕೂತಿದ್ದವು.

"ಅಂಕಿ ಒಂದು ಹೇಳತ್ತೆ, ನಿಮ್ಮ ಬರಹ ಒಂದು ಹೇಳತ್ತೆ. ಓದುಗರು ಯಾವುದನ್ನ ನಂಬಬೇಕು?"

"ನನ್ನನ್ನ," ಎಂದರು ಚಿಕ್ಕಪ್ಪ.

ಸಂಪಾದಕರು ನನ್ನ ಕಡೆ ತಿರುಗಿದರು. "ನಿಮ್ಮ ಅಂಕಿ ಖಚಿತ ತಾನೆ?"

"ಖಚಿತ."

ಹೇಳಿಬಿಟ್ಟೆ.

ಸಂಪಾದಕರು ಕನ್ನಡಕ ಒರೆಸುತ್ತ, ಮೆತ್ತಗೆ, ಉಳಿದದ್ದನ್ನು ಹೇಳಿದರು. ಲೇಖನ ಸ್ಪ್ರಿಂಗ್ ಬರೆಯುತ್ತಾಳೆ. ಮುಂದಿನ ತಿಂಗಳಿಂದ ಸವಾರಿಯೂ ಅವಳದೇ. ಚಿಕ್ಕಪ್ಪನಿಗೆ ಓದುಗರ ಪತ್ರಗಳ ಅಂಕಣ. "ಐವತ್ತೆಂಟಾಯ್ತು. ಬೆನ್ನಿಗೂ ವಿಶ್ರಾಂತಿ."

"ಬೆನ್ನು ನಿಮಗೇನಾದ್ರೂ ದೂರು ಕೊಟ್ಟಿದೆಯಾ?" ಎಂದು ಕೇಳಿ ಚಿಕ್ಕಪ್ಪ ಹೊರಗೆ ಬಂದರು. ನಗುತ್ತಲೇ ಬಂದರು. ಮೆಟ್ಟಿಲಲ್ಲಿ ನಗು ಇರಲಿಲ್ಲ.

ಮಾರ್ಚ್ 6, ಗುರುವಾರ

ಚಿಕ್ಕಪ್ಪ ಬೂಟುಗಳಿಗೆ ಪಾಲಿಶ್ ಹಾಕಿ, ಕಾಗದದಲ್ಲಿ ಸುತ್ತಿ, ಅಟ್ಟದ ಮೇಲಿಟ್ಟರು. ನನ್ನೊಡನೆ ಮಾಮೂಲಿನಂತೆ ಮಾತಾಡುತ್ತಾರೆ. ಅದೇ ಕಷ್ಟ.

ಚಿಕ್ಕಮ್ಮ: "ಓದುಗರಿಗೆ ಉತ್ತರ ಕೊಡ್ತಾರಂತೆ! ಮೂವತ್ತು ವರ್ಷದಿಂದ ನಾನು ಕೇಳಿದ್ದಕ್ಕೇ ಉತ್ತರ ಬಂದಿಲ್ಲ." ಆಮೇಲೆ ಏಣಿ ಹತ್ತಿ ಬೂಟುಗಳನ್ನು ಕೆಳಗಿಳಿಸಿ ಬಾಗಿಲ ಬಳಿ ಇಟ್ಟಳು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 7:30

ಎರಡು ದಿನ ಬರೆಯಲಿಲ್ಲ. ಓದಿದೆ.

ಏಳನೆಯ ಅಧ್ಯಾಯ. ಹಳೆಯ ಅನುವಾದದಲ್ಲಿ ಹೆಂಗಸು ಸೇತುವೆಯ ಮೇಲೆ ನಿಂತಿದ್ದಾಳೆ. ಹೊಸದರಲ್ಲಿ "ನಸುಕಿನ ಐದಕ್ಕೆ" ನಿಂತಿದ್ದಾಳೆ. ಹಳೆಯ ಅನುವಾದಕ ಗಂಟೆಯನ್ನು ನುಂಗಿದ್ದಾನೆ, ಇಡೀ ದೃಶ್ಯವೇ ಬೇರೆಯಾಗಿದೆ. ಐದಕ್ಕೆ ಸೇತುವೆಯಲ್ಲಿ ನಿಂತವಳಿಗೂ ಸಂಜೆ ಗಾಳಿ ಸೇವನೆಗೆ ನಿಂತವಳಿಗೂ ವ್ಯತ್ಯಾಸವಿಲ್ಲವೇ? ಎಂಥ ಅಜಾಗರೂಕ ಮನುಷ್ಯ, ಎಂದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ.

ಬರೆದ ಕೈ ಅಲ್ಲೇ ನಿಂತಿತು.

ನನ್ನ ಪಟ್ಟಿ ತೆಗೆದೆ. ಪ್ರತಿ ಓಟಕ್ಕೂ ಗಂಟೆ, ನಿಮಿಷ ಇದೆ. ಒತ್ತಡದ ಕಾಲಮ್ಮಿನಲ್ಲಿ ಮಾತ್ರ ಇಲ್ಲ. ಬರೀ "4, 4". ಬೆಳಿಗ್ಗೆ ಏಳಕ್ಕೆ ನೋಡಿದ್ದು. ನೀಲಿ ಓಡಿದ್ದು ಎಂಟಕ್ಕೆ. ಕೆಂಪು ಹನ್ನೊಂದರ ತನಕ ನಿಂತದ್ದು ಎಲ್ಲಿ? ಶೆಡ್ಡಿನ ಹೊರಗೆ. ಬಿಸಿಲಿನಲ್ಲಿ. ನೆಲ ಒಣಗಲೆಂದು ನಾನೇ ಕಾಯಿಸಿದ್ದು.

ಮೋಟಾರ್‌ಸೈಕಲ್ಲಿನಲ್ಲಿ ಬೆಳಿಗ್ಗೆ ಒಂದೇ ಸಲ ನೋಡುತ್ತೇವೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮೂವತ್ತರಲ್ಲಿ ಒಂದು ಪೌಂಡ್ ಏರಿದರೆ ಯಾರಿಗೂ ತಿಳಿಯದು. ನಾಲ್ಕರಲ್ಲಿ ಒಂದು ಏರಿದರೆ?

ಆಫೀಸಿಗೆ ಹೊರಟೆ.

ಅದೇ ದಿನ, 11:15

ವಾಚ್‌ಮನ್ ಕೈಯಿಂದ ನೂಕಿಸಿ ಕೆಂಪನ್ನು ಅಂಗಳದ ಬಿಸಿಲಿಗೆ ತಂದಾಗ 8:10. ನಾಲ್ಕೂ ಟೈರಿನಲ್ಲಿ 4.0.

"ಟೈರಿಗೆ ಬಿಸಿಲು ಕಾಯಿಸ್ತಿದ್ದೀರಾ ಮೇಡಂ? ಶೀತ ಆಗಿದೆಯಾ?"

9:00—4.5. 10:00—5.0. ಈಗ 5.4!

ಚೆಂಡಿನ ಮೇಲೆ ಕೂತ ಹಾಗಿತ್ತು ಎಂದರು ಚಿಕ್ಕಪ್ಪ. ನಿನ್ನೆ ಹಾಗಿರಲಿಲ್ಲ ಎಂದರು. ಎರಡನ್ನೂ ನಾನೇ ಬರೆದುಕೊಂಡಿದ್ದೇನೆ, ನೀಟಾಗಿ. ಬಿಗಿದ ಟೈರಿನ ಮೇಲೂ ಅವರಿಗೆ ಗಾಡಿಯ ಗುಣ ಗೊತ್ತಾಗಿತ್ತು. ನನ್ನ ಗಡಿಯಾರಕ್ಕೆ ಟೈರು ಮಾತ್ರ ಗೊತ್ತಾಗಿತ್ತು.

ನಾಚಿಕೆಯಾಗಬೇಕು. ಆಗುತ್ತಿದೆ. ಆದರೂ ಅಂಗಳದ ನಡುವೆ ಒಬ್ಬಳೇ ನಗುತ್ತಿದ್ದೇನೆ. ವಾಚ್‌ಮನ್ ನೋಡುತ್ತಿದ್ದಾನೆ.

ಮಾರ್ಚ್ 10, ಸೋಮವಾರ

ಸಂಪಾದಕರು ಬರುವ ಮೊದಲೇ ಗಾಜಿನ ಕೋಣೆಯ ಮುಂದೆ ನಿಂತಿದ್ದೆ. ಪೂರ್ತಿ ವಾಕ್ಯಗಳನ್ನು ತಯಾರಿಸಿಕೊಂಡಿದ್ದೆ. ಬಾಯಿಗೆ ಬಂದದ್ದು: "ಖಚಿತ ಅಂದಿದ್ದೆ. ಅಲ್ಲ. ತಪ್ಪು ನನ್ನದು." ಹಾಳೆ ಮುಂದಿಟ್ಟೆ.

ಅವರು ಎರಡು ಸಲ ಓದಿದರು. "ಹನ್ನೆರಡು ವರ್ಷದಲ್ಲಿ ಮೊದಲನೇ ತಪ್ಪು. ಅದನ್ನೂ ದಶಮಾಂಶದ ತನಕ ಅಳೆದು ತಂದಿದ್ದೀರಿ."

ಶುಕ್ರವಾರ ಸಂಚಿಕೆ ಪ್ರಿಂಟಿಗೆ. ಗುರುವಾರ ಮರುಪರೀಕ್ಷೆ, ಒಂದೇ ಅವಕಾಶ. ಕೆಂಪು ತಿರುಗಿದರೆ ಚಿಕ್ಕಪ್ಪನ ಲೇಖನ, ಚಿಕ್ಕಪ್ಪನ ಸೀಟು. ತಿರುಗದಿದ್ದರೆ ಪತ್ರಗಳ ಅಂಕಣ.

ಚಿಕ್ಕಪ್ಪನಿಗೆ ಹೇಳುವಾಗ ನೆಲ ನೋಡುತ್ತಿದ್ದೆ.

"ಅಂದ್ರೆ ನಿನ್ನ ಕೋಷ್ಟಕ ನನ್ನನ್ನ ಮುದುಕ ಮಾಡಿದ್ದು ಆರು ದಿನ!" ತಲೆಗೆ ಮೆಲ್ಲಗೆ ಮೊಟಕಿದರು. ಬೂಟು ಎಲ್ಲಿ ಎಂದು ಕೂಗಿದರು.

"ಬಾಗಿಲ ಹತ್ರಾನೇ ಇದೆ," ಒಳಗಿನಿಂದ ಚಿಕ್ಕಮ್ಮ. "ಗುರುವಾರದಿಂದ ಅಲ್ಲೇ ಇದೆ. ಕಣ್ಣಿದ್ರೆ ಕಾಣ್ತಿತ್ತು."

ಮಾರ್ಚ್ 13, ಗುರುವಾರ. 11:50, ಶೆಡ್

ಎರಡೂ ಗಾಡಿ ನೆರಳಿನಲ್ಲಿ. ಒಂದಾದ ಮೇಲೊಂದು ಓಟ. ಪ್ರತಿ ಓಟಕ್ಕೂ ಮೊದಲು ಒತ್ತಡ, ಪಕ್ಕದಲ್ಲಿ ಗಂಟೆ. ನನಗೆ ಪಕ್ಷಪಾತವಿದೆ, ಗಡಿಯಾರ ಹಿಡಿಯುವುದಿಲ್ಲ ಎಂದೆ. ಸಂಪಾದಕರೇ ಹಿಡಿದರು. ಮೊದಲ ಸಲ ಒತ್ತಲು ಮರೆತರು. ಮತ್ತೆ ಓಡಿಸಿದೆವು.

ನೇರ ಓಟ ನೀಲಿಯದೇ: 5.6, ಕೆಂಪು 5.7. ಕೋನುಗಳಲ್ಲಿ ಚಿಕ್ಕಪ್ಪ: ನೀಲಿ 14.2. ಕೆಂಪು 13.7.

13.7!

ಸ್ಪ್ರಿಂಗ್: ನೀಲಿ 14.3, ಕೆಂಪು 13.9. ಇಳಿದವಳೇ "ಅಂಕಲ್, ಇದು ಬೇರೆ ಗಾಡಿನಾ?" ಎಂದಳು.

"ಅದೇ ಗಾಡಿ. ಅಂಕಿ ಬೇರೆ," ಎಂದರು ಚಿಕ್ಕಪ್ಪ.

ಸಂಪಾದಕರು ಗಡಿಯಾರ ನನಗೆ ವಾಪಸು ಕೊಟ್ಟರು. "ಸೀಟು ನಿಮ್ಮದೇ, ಕೂತ್ಕೊಳ್ಳಿ," ಎಂದರು ಚಿಕ್ಕಪ್ಪನಿಗೆ. ನನಗೆ: "ಪತ್ರಗಳ ಅಂಕಣ ಖಾಲಿ ಇದೆ. ತಪ್ಪಾದ್ರೆ ಒಪ್ಕೊಳ್ಳೋರು ಬೇಕು. ಇದನ್ನ ಶಿಕ್ಷೆ ಅಂತಾನೇ ತಿಳ್ಕೊಳ್ಳಿ."

ಅದೇ ದಿನ, 4:45

ಎಲ್ಲ ಕಟ್ಟಿ ಹೊರಡಬೇಕಿತ್ತು. ಚಿಕ್ಕಪ್ಪ ಕೋನುಗಳನ್ನು ಎತ್ತಲು ಬಿಡುತ್ತಿಲ್ಲ.

"ಹ್ಯಾಂಡ್ಲಿಂಗ್ ಅಂದ್ರೇನು ಅಂತ ಒಬ್ಬರು ಪತ್ರ ಬರೀತಾರೆ ಅಂತಿಟ್ಕೋ. ಏನು ಉತ್ತರ ಕೊಡ್ತೀಯ?"

"13.7 ಅಂತೀನಿ."

"ಗಾಡಿ ಹತ್ತೇ."

ಹತ್ತಿದ್ದೇನೆ. ಟ್ಯಾಂಕಿನ ಮೇಲೆ ನೋಟ್‌ಬುಕ್. ಸೀಟು ನಿಜವಾಗಿ ಅಗಲ. ಸ್ಪ್ರಿಂಗ್ ತನ್ನ ಹೆಲ್ಮೆಟ್ ಕೊಟ್ಟಿದ್ದಾಳೆ, ಕಿವಿಗೆ ಬಿಗಿ. ಒತ್ತಡ 4.0, ಈಗಷ್ಟೇ ನೋಡಿದೆ, ಗಂಟೆ 4:47. ಎಂಜಿನ್ ಆನ್. ಮೊಣಕಾಲಿನ ತನಕ ನಡುಗುತ್ತಿದೆ—ಗಾಡಿಯೋ ನಾನೋ. ಇದು ಯಾವ ಕಾಲಮ್ಮಿಗೂ ಸೇರುವುದಿಲ್ಲ. ಗಡಿಯಾರ ಚಿಕ್ಕಪ್ಪನ ಕೈಯಲ್ಲಿ. ಕೈ ಎತ್ತಿದ್ದಾರೆ. ಪುಸ್ತಕ ಮಡಚು ಅಂತ ಕೂಗುತ್ತಿದ್ದಾರೆ. ಹೆಬ್ಬೆರಳು ಮೆಲ್ಲಗೆ ಒತ್ತಿದರೆ ಸಾಕಂತೆ, ಮುಂದಿನ ಚಕ್ರ ಹೇಳಿದ ಮಾತು—